ಬಲಿಪರ ಐದು ರಾತ್ರಿಗಳು

ಕಾಸರಗೋಡಿನ ಬಂದ್ಯೋಡು ಪೇಟೆಯಲ್ಲಿ ನಿಂತರೆ ಹೆದ್ದಾರಿ ಬಡಗಿಗೆ ಉಪ್ಪಳದತ್ತ, ತೆಂಕಿಗೆ ಶಿರಿಯ ಹೊಳೆ ದಾಟಿ ಕುಂಬಳೆಯತ್ತ ಹೋಗುತ್ತದೆ. ಮೂಡಿಗೆ ಕವಲೊಡೆದ ದಾರಿ ಪೆರ್ಮುದೆ, ಧರ್ಮತ್ತಡ್ಕದ ಕಡೆಗೆ ಗುಡ್ಡ ಹತ್ತುತ್ತದೆ. ಯಕ್ಷಗಾನ ಆಟದ ಹುಚ್ಚಿರುವ ನನ್ನಂಥವರಿಗೆ ಇದು ಬರಿಯ ಕವಲಲ್ಲ. ತೆಂಕಿನ ಕುಂಬಳೆ, ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು. ಮೂಡಿನ ಗುಡ್ಡಗಳಾಚೆ, ಎಣ್ಮಕಜೆಯ ಮಡಿಲಲ್ಲಿ ಪಡ್ರೆ ಇದೆ. ತೆಂಕುತಿಟ್ಟಿನ ಹಾಡುಗಾರ ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ಅಲ್ಲಿ, 1938ರ ಮಾರ್ಚ್ 13ರಂದು. ಆಗ ಈ ಸೀಮೆಯೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು.

ಹೊಸ ದಾರಿ ತುಳಿದ ಹಾಡುಗಾರರ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಕಾಳಿಂಗ ನಾವಡರು. ನೆನಪಾಗಬೇಕಾದವರೇ. 1958ರಲ್ಲಿ ಹುಟ್ಟಿ 1990ರಲ್ಲೇ ತೀರಿಕೊಂಡ ಅವರು ಬಡಗುತಿಟ್ಟಿನ ಭಾಗವತಿಕೆಯ ರುಚಿಯನ್ನೇ ಬದಲಿಸಿದರು. ‘ನಾಗಶ್ರೀ’ಯಂಥ ಪ್ರಸಂಗವನ್ನೂ ಬರೆದರು. ಬಲಿಪರನ್ನು ಮಾತ್ರ ಎಲ್ಲರೂ ಪರಂಪರೆಯ ಕಾವಲುಗಾರರೆಂದೇ ಕರೆದರು. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಮಾತು. ಕನ್ನಡದಲ್ಲಿ ‘ಪ್ರಯೋಗ’ ಎಂಬ ಪದಕ್ಕೆ ಎರಡು ಅರ್ಥ. ಹೊಸದನ್ನು ಮಾಡಿ ನೋಡುವುದೂ ಪ್ರಯೋಗ, ರಂಗದ ಮೇಲೆ ಆಡಿ ತೋರಿಸುವುದೂ ಪ್ರಯೋಗ. ಬಲಿಪರ ಬದುಕಿನಲ್ಲಿ ಈ ಎರಡು ಅರ್ಥಗಳು ಬೇರೆಬೇರೆ ಇರಲಿಲ್ಲ.

ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತ. ಹಿರಿಯ ಬಲಿಪರು, ಕಿರಿಯ ಬಲಿಪರು ಎಂದು ಜನ ಗುರುತು ಹಿಡಿಯುತ್ತಿದ್ದರು. ಮೊಮ್ಮಗ ಹದಿಮೂರರ ವಯಸ್ಸಿಗೆ ಮೇಳದ ಬದುಕಿಗೆ ಇಳಿದ. ಅಜ್ಜನ ಕಾಲದ ಭಾಗವತಿಕೆ ಮೈಕು ಇಲ್ಲದ ಭಾಗವತಿಕೆ. ಕೊಯ್ಲು ಮುಗಿದ ಗದ್ದೆಯ ಕೊನೆಯ ಬದುವಿನ ಮೇಲೆ ಚಾಪೆ ಹಾಸಿ ಕುಳಿತವನಿಗೂ ಪದ್ಯದ ಅಕ್ಷರ ತಲುಪಬೇಕು. ಅದೂ ಚೆಂಡೆ ಮದ್ದಳೆಗಳ ಮೊರೆತವನ್ನು ಸೀಳಿಕೊಂಡು. ಬಲಿಪ ಶೈಲಿ ಎಂದು ಇಂದು ನಾವು ಕರೆಯುವುದರ ಬೇರು ಈ ಗದ್ದೆಯಲ್ಲಿದೆ. ಏರು ಶ್ರುತಿ, ಬಿಚ್ಚುಗಂಠ, ಸ್ವಚ್ಛ ಉಚ್ಚಾರ. ಸಂಗೀತ ಕಚೇರಿಯ ಆಲಾಪನೆಗೆ ಅಲ್ಲಿ ಎಡೆಯಿಲ್ಲ. ರಾಗ ಪದ್ಯಕ್ಕಾಗಿ ದುಡಿಯುತ್ತದೆ, ಪದ್ಯ ವೇಷಕ್ಕಾಗಿ. ಕಿರಿಯ ಬಲಿಪರ ಕಾಲಕ್ಕೆ ಮೈಕು ಬಂತು. ಶ್ರುತಿ ಇಳಿಸಿ ಹಾಡಿದರೂ ಯಾರೂ ಕೇಳುವವರಿರಲಿಲ್ಲ. ಅವರು ಇಳಿಸಲಿಲ್ಲ.

ಕಂಠದಷ್ಟೇ ದೊಡ್ಡದು ಅವರ ನೆನಪು. ಐವತ್ತಕ್ಕೂ ಹೆಚ್ಚು ಪ್ರಸಂಗಗಳು ಅವರಿಗೆ ಬಾಯಿಪಾಠವಿದ್ದವು. ಬರೆದ ಪ್ರಸಂಗಗಳೂ ಮೂವತ್ತನ್ನು ಮೀರುತ್ತವೆ. ಪ್ರಸಂಗ ಬರೆಯುವುದೆಂದರೆ ಕಥೆಗೆ ಪದ್ಯ ಹೊಸೆಯುವುದಷ್ಟೇ ಅಲ್ಲ. ಇಲ್ಲಿ ಝಂಪೆ ಬೇಕೋ ತ್ರಿವುಡೆ ಬೇಕೋ, ಈ ಭಾಮಿನಿ ಮುಗಿದೊಡನೆ ಚೆಂಡೆ ಏರಬೇಕೋ ಅಥವಾ ಅರ್ಥಧಾರಿಗೆ ಮಾತಿನ ಜಾಗ ಬಿಡಬೇಕೋ, ಬಣ್ಣದ ವೇಷ ಒಡ್ಡೋಲಗಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಇವೆಲ್ಲವನ್ನೂ ಬರೆಯುವ ಕೈ ಮುಂಚೆಯೇ ತಿಳಿದಿರಬೇಕು. ಸಾವಿರಾರು ರಾತ್ರಿ ಜಾಗಟೆ ಹಿಡಿದು ಕುಳಿತವರ ಕೈಗೆ ಅದು ತಾನಾಗಿ ತಿಳಿದಿರುತ್ತದೆ.

ಈ ತಿಳಿವಿನಿಂದ ಹುಟ್ಟಿದ್ದು ಐದು ದಿನಗಳ ‘ದೇವಿಮಹಾತ್ಮೆ’. ಕಟೀಲು ಮೇಳದ ಹರಕೆಯ ಆಟವೆಂದರೆ ನಮ್ಮ ಕಡೆ ದೇವಿಮಹಾತ್ಮೆ. ಸೂಡಿ ಬೀಸುತ್ತ ಸಭೆಯ ನಡುವಿನಿಂದ ಬರುವ ಮಹಿಷಾಸುರನಿಗಾಗಿ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸುತ್ತಿದ್ದ ಆಟ. ಸಂಜೆ ಶುರುವಾಗಿ ಬೆಳಗಿಗೆ ಮುಗಿಯುವ ಕಥೆ ಅದು. ಆದರೆ ಮಾರ್ಕಂಡೇಯ ಪುರಾಣದ ಸಪ್ತಶತಿಯಲ್ಲಿ ಹದಿಮೂರು ಅಧ್ಯಾಯಗಳಿವೆ. ಮಧುಕೈಟಭರು, ಮಹಿಷ, ಧೂಮ್ರಾಕ್ಷ, ಚಂಡಮುಂಡರು, ರಕ್ತಬೀಜ, ಶುಂಭ ನಿಶುಂಭರು, ಇಷ್ಟೂ ಮಂದಿ ಒಂದೇ ರಾತ್ರಿಯಲ್ಲಿ ಬಂದು ಹೋಗಬೇಕಾದರೆ ಯಾರಾದರೊಬ್ಬರು ಅವಸರದಲ್ಲೇ ಸಾಯಬೇಕು. ರಾಜ್ಯ ಕಳೆದುಕೊಂಡ ಸುರಥ, ಮನೆಯವರಿಂದ ಹೊರದಬ್ಬಿಸಿಕೊಂಡ ಸಮಾಧಿವೈಶ್ಯ, ಇಬ್ಬರೂ ಋಷಿಯ ಮುಂದೆ ಕೂತು ಕೇಳುವ ಪ್ರಶ್ನೆಗೆ ಹೊತ್ತೆಲ್ಲಿ? ಬಲಿಪರು ಕಥೆಯನ್ನು ರಾತ್ರಿಗೆ ತಕ್ಕಂತೆ ಕತ್ತರಿಸಲಿಲ್ಲ. ಕಥೆಗೆ ತಕ್ಕಷ್ಟು ರಾತ್ರಿಗಳನ್ನು ಕೊಟ್ಟರು.

ಎಲ್ಲವೂ ಚಿಕ್ಕದಾಗುತ್ತಿದ್ದ ಹೊತ್ತಿನಲ್ಲಿ ಒಬ್ಬರು ಒಂದನ್ನು ಐದು ಮಾಡಿದರು. ಇದಕ್ಕಿಂತ ದಿಟ್ಟ ಪ್ರಯೋಗ ತೆಂಕುತಿಟ್ಟಿನಲ್ಲಿ ನನಗೆ ಕಾಣುವುದಿಲ್ಲ. ಈಗ ಕಾಲಮಿತಿಯ ಆಟಗಳು ಬಂದಿವೆ. ಮರುದಿನ ಕೆಲಸಕ್ಕೆ ಹೋಗಬೇಕಾದವರಿಗೆ ಅದು ಅನುಕೂಲ, ತಕರಾರಿಲ್ಲ. ಆದರೂ ನಡುರಾತ್ರಿಗೆ ಮುಂಚೆಯೇ ಮಂಗಳದ ಪದ್ಯ ಕೇಳಿದಾಗ ನನಗೆ ಊಟದ ನಡುವೆ ಎಲೆ ಎತ್ತಿದಂತಾಗುತ್ತದೆ.

ಗಡಿಯ ಈಚೆಗಿರುವ ನಮಗೆ ಬಲಿಪರ ಕಂಠ ಇನ್ನೊಂದು ಕಾರಣಕ್ಕೂ ಬೇಕಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಲಯಾಳವೋ ಆಡುವ ನಮ್ಮ ಮಂಗಲ್ಪಾಡಿಯ ಜನ ಹಳೆಯ ಕನ್ನಡದ ಪದಗಳನ್ನು ಕೇಳಿ ಬಲ್ಲವರಾದದ್ದು ಆಟದ ಗದ್ದೆಯಲ್ಲಿ. ‘ಎಲವೋ’, ‘ಕಡುಗಲಿ’, ‘ಬವರ’, ಇವನ್ನು ನನಗೆ ಯಾವ ಮಾಸ್ತರರೂ ಕಲಿಸಿದ್ದಲ್ಲ.

ಬಲಿಪರ ಕುಟುಂಬ ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿತು. 2022ರಲ್ಲಿ ಮಗ, ಭಾಗವತರೇ ಆಗಿದ್ದ ಪ್ರಸಾದ ಬಲಿಪರು ತಂದೆಯ ಕಣ್ಣೆದುರೇ ಹೋದರು. ವರ್ಷ ತುಂಬುವ ಮೊದಲು, 2023ರ ಫೆಬ್ರವರಿ 16ರಂದು, ತಂದೆಯೂ ಹೋದರು. ಆಟದ ಹಂಗಾಮಿನ ನಡುಮಧ್ಯ ಅದು. ಹಂಗಾಮು ಮುಗಿಯುವ ಪತ್ತನಾಜೆಗೆ ಇನ್ನೂ ಮೂರು ತಿಂಗಳಿತ್ತು. ಮೇಳಗಳು ಗೆಜ್ಜೆ ಬಿಚ್ಚಿರಲಿಲ್ಲ. ಇನ್ನೊಬ್ಬ ಮಗ ಶಿವಶಂಕರ ಬಲಿಪರು ಜಾಗಟೆ ಹಿಡಿದು ಕೂತರೆ, ಏರುಪದ್ಯ ಎತ್ತುವಾಗ, ಗದ್ದೆಯ ಹಿಂದಿನ ಸಾಲಿನ ಹಳಬರು ಈಗಲೂ ಮಾತು ನಿಲ್ಲಿಸಿ ರಂಗದ ಕಡೆ ತಿರುಗುತ್ತಾರೆ.