ಟಾರ್ಚಿಗೆ ಸಿಗದ ಊನ

1950ರ ದಶಕದ ಫೆಂಡರ್ ಬೇಸ್ ಗಿಟಾರೊಂದು ಮಾರಾಟಕ್ಕೆ ಬಂದರೆ ಬಲ್ಲವರು ಅದರ ಪಿಕ್‌ಗಾರ್ಡ್ ಬಿಚ್ಚಿ ನೋಡದೆ ಬಿಡುವುದಿಲ್ಲ. ಅವರು ಹುಡುಕುವುದು ಮೊಳೆ ಹೊಡೆದ ಸಣ್ಣ ತೂತುಗಳನ್ನು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿದ್ದ ಕಾರ್ಖಾನೆಯಲ್ಲಿ ಆಗ ಗಿಟಾರಿನ ಮೈಗೆ ಬಣ್ಣ ಹೊಡೆಯುವ ಮುನ್ನ ನಾಲ್ಕಾರು ಮೊಳೆ ಬಡಿಯುತ್ತಿದ್ದರು. ಹಸಿ ಬಣ್ಣ ಮೇಜಿಗೆ ಅಂಟದಂತೆ ಆ ಮೊಳೆಗಳ ಮೇಲೆ ನಿಲ್ಲಿಸಿ ಒಣಗಿಸುವುದು, ಒಣಗಿದ ಮೇಲೆ ಮೊಳೆ ಕೀಳುವುದು. ತೂತು ಮುಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಹೇಗೂ ಮೇಲೆ ಪಿಕ್‌ಗಾರ್ಡ್ ಕೂರುತ್ತದಲ್ಲ. ಇವತ್ತು ಆ ತೂತಿನೊಳಗೆ ಬರಿಯ ಮರ ಕಂಡರೆ ಬಣ್ಣ ಅಸಲಿ. ಒಳಗೂ ಬಣ್ಣ ಇಳಿದಿದ್ದರೆ ಯಾರೋ ಆಮೇಲೆ ಬಳಿದದ್ದು, ಬೆಲೆ ಧಡಾರನೆ ಇಳಿಯುತ್ತದೆ.

ಹೊಸ ಬೇಸ್ ಕೊಳ್ಳುವವರಿಗೆ ಇಷ್ಟು ಔದಾರ್ಯವಿಲ್ಲ, ಇರಬೇಕಾಗಿಯೂ ಇಲ್ಲ. ಮೂವತ್ತು ನಲವತ್ತು ಸಾವಿರ ಎಣಿಸಿದ ಮೇಲೆ ಡಬ್ಬ ಒಡೆದು, ಮೊಬೈಲ್ ಟಾರ್ಚ್ ಹಾಕಿ ಇಂಚಿಂಚು ನೋಡುವುದು ಗಿರಾಕಿಯ ಹಕ್ಕು. ನನ್ನ ತಕರಾರು ಬೇರೆ. ಟಾರ್ಚಿಗೆ ಸಿಗುವ ಊನಗಳಲ್ಲಿ ಹೆಚ್ಚಿನವು ನಾದಕ್ಕೆ ಏನೂ ಮಾಡುವುದಿಲ್ಲ. ನಾದ ಕೆಡಿಸುವ ಊನ ಟಾರ್ಚಿಗೆ ಸಿಗುವುದೇ ಅಪರೂಪ.

ಬಣ್ಣದ ಮನೆಯಲ್ಲಿ ಏನಾಗುತ್ತದೆ ನೋಡಿ. ಮರದ ರಂಧ್ರ ತುಂಬುವ ಸೀಲರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಲೇಪ, ಆಮೇಲೆ ನೀರುಕಾಗದದಲ್ಲಿ ಉಜ್ಜುವುದು, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಪಾಲಿಶ್. ಲೇಪ ಒದ್ದೆಯಿರುವಾಗ ಧೂಳಿನ ಕಣ ಕೂತರೆ ಅದು ಗುಳ್ಳೆಯಂತೆ ಉಳಿಯುತ್ತದೆ. ಅಂಚಿನಲ್ಲಿ ಕೈ ಸ್ವಲ್ಪ ಜೋರಾದರೆ ಬಣ್ಣ ಸವೆದು ಮರ ಇಣುಕುತ್ತದೆ. ಚಕ್ರದ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ಲೇಪ ಸುಟ್ಟು ಮಂಕಾಗುತ್ತದೆ. ಅಂಚಿಗೆ ಬಿಳಿಯ ಪಟ್ಟಿ ಕೂರಿಸಿದ ಮಾದರಿಗಳಲ್ಲಂತೂ ಪಟ್ಟಿಯ ಮೇಲೆ ಹರಿದ ಬಣ್ಣವನ್ನು ಒಬ್ಬ ಕೆಲಸಗಾರ ಬ್ಲೇಡು ಹಿಡಿದು ಕೈಯಿಂದಲೇ ಕೆರೆದು ತೆಗೆಯುತ್ತಾನೆ. ದಿನವಿಡೀ ಅದೇ ಕೆಲಸ ಮಾಡುವ ಕೈ ಎಲ್ಲೋ ಒಂದು ಕಡೆ ಅಲುಗದೆ ಇರುವುದಿಲ್ಲ.

ಕರಿಯ ಹೊಳಪು ಬಣ್ಣದಷ್ಟು ಚಾಡಿಕೋರ ಬಣ್ಣ ಇನ್ನೊಂದಿಲ್ಲ. ಪಾಲಿಶಿನ ಸುಳಿಗೆರೆ, ಬಟ್ಟೆ ಒರೆಸಿದ ಗೀರು, ಎಲ್ಲವನ್ನೂ ಹೇಳಿಬಿಡುತ್ತದೆ. ಅಂಚು ಕಪ್ಪಾಗಿ ನಡು ಹಳದಿಯಾಗುವ ಸನ್‌ಬರ್ಸ್ಟ್ ಇದಕ್ಕೆ ತದ್ವಿರುದ್ಧ. ಎರಡು ಮೂರು ಹಲಗೆ ಸೇರಿಸಿದ ಬೆಸುಗೆಯನ್ನು ಅದು ತನ್ನ ಕಪ್ಪಂಚಿನಲ್ಲಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮರದ ಸಹಜ ಬಣ್ಣದಲ್ಲೇ ಮಾರುವ ಗಿಟಾರಿಗೆ ಒಳ್ಳೆಯ ಹಲಗೆಯನ್ನೇ ಆರಿಸಬೇಕು. ಗಂಟು, ಗೆರೆ ಇದ್ದವು ದಟ್ಟ ಬಣ್ಣದಡಿ ಹೋಗುತ್ತವೆ. ಇದರಲ್ಲಿ ಮೋಸವೇನಿಲ್ಲ, ಮರಗೆಲಸದವರೆಲ್ಲ ಮಾಡುವ ಲೆಕ್ಕ.

ಗಿರಾಕಿಗೆ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ನೆಕ್ ಸೇರುವ ಮೂಲೆಯಲ್ಲಿ ಕಾಣುವ ಕೂದಲೆಳೆಯಂಥ ಬಿರುಕು. ಮರವೇ ಸೀಳಿದೆ ಎಂದು ಎದೆ ಧಸಕ್ಕೆನ್ನುತ್ತದೆ. ಬಹುಪಾಲು ಸಲ ಸೀಳಿರುವುದು ಲೇಪ ಮಾತ್ರ. ಈಗಿನ ಪಾಲಿಯೆಸ್ಟರ್ ಲೇಪ ಗಟ್ಟಿ, ಆದರೆ ಬಾಗುವ ಗುಣ ಕಡಿಮೆ. ನೆಕ್ಕನ್ನು ಗಿಟಾರಿನ ಮೈಯಲ್ಲಿ ಕೊರೆದ ಗುಂಡಿಯೊಳಗೆ ಬಿಗಿದು ಸ್ಕ್ರೂ ತಿರುಗಿಸುವಾಗ ಮೂಲೆಯಲ್ಲಿ ಅದು ಚಿಟಿಲ್ಲೆನ್ನುತ್ತದೆ.

ಇನ್ನು ಕಾರ್ಖಾನೆಯ ತಪಾಸಣೆಗೂ ಮಿತಿಯಿದೆ. ಗಿಟಾರಿನ ಬಣ್ಣ ಕಾರ್ಖಾನೆ ಬಿಟ್ಟ ದಿನ ಹೇಗಿತ್ತೋ ಅಂಗಡಿಯಲ್ಲೂ ಹಾಗೇ ಇರುತ್ತದೆ. ಮರ ಹಾಗಲ್ಲ. ಇಂಡೋನೇಷ್ಯಾದ ಸುರಬಯಾದಲ್ಲಿ ಕೊರಿಯಾ ಮೂಲದ ಕೋರ್‌ಟೆಕ್ ಕಂಪನಿಯ ದೊಡ್ಡ ಕಾರ್ಖಾನೆಯಿದೆ. ಕಾರ್ಟ್ ಅದರ ಸ್ವಂತ ಬ್ರ್ಯಾಂಡು. ಹೊರಗಿನ ಹಲವು ಬ್ರ್ಯಾಂಡುಗಳ ಗಿಟಾರೂ ಅಲ್ಲೇ ತಯಾರು. ಸಮುದ್ರದ ಪಕ್ಕದ ತೇವದ ಊರಿನಲ್ಲಿ ಎಲ್ಲ ಪರೀಕ್ಷೆ ಪಾಸಾದ ನೆಕ್ಕು ಫೆಬ್ರುವರಿಯ ಒಣಹವೆಯಲ್ಲಿ ಬೆಂಗಳೂರಿನ ಏಸಿ ಅಂಗಡಿಗೆ ಬಂದು ನೇತಾಡಿತೆನ್ನಿ. ಮರ ಕುಗ್ಗುತ್ತದೆ, ಲೋಹದ ಫ್ರೆಟ್ಟು ಕುಗ್ಗುವುದಿಲ್ಲ. ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಯನ್ನು ಗರಗಸದಂತೆ ಕೆರೆಯುತ್ತವೆ. ಇದು ಕಣ್ಣಿಗೆ ಕಾಣದು, ಕೈ ಆಡಿಸಿದರೆ ಮಾತ್ರ ತಿಳಿಯುತ್ತದೆ. ಕೈಪಳಗಿದವರು ಅರ ಹಿಡಿದು ಕೂತರೆ ಸರಿಯೂ ಆಗುತ್ತದೆ.

ಫ್ರೆಟ್ಟು ಕೂರಿಸುವ ಆ ಬೆರಳುಪಟ್ಟಿಯ ಮರ ಒಂದು ಕಾಲಕ್ಕೆ ಹೆಚ್ಚಾಗಿ ಬೀಟೆಯೇ ಆಗಿತ್ತು. 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿ ಸೇರಿದವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಫೆಂಡರ್‌ನ ಅಗ್ಗದ ಬ್ರ್ಯಾಂಡ್ ಸ್ಕ್ವೈಯರ್ ‘ಇಂಡಿಯನ್ ಲಾರೆಲ್’ಗೆ ಬದಲಾಗಿತ್ತು. ಹೆಸರು ಕೇಳಿ ಯಾವುದೋ ವಿಲಾಯಿತಿ ಮರ ಎಂದುಕೊಳ್ಳಬೇಡಿ, ಅದು ಮಲೆನಾಡಿಗರು ದಿನಾ ನೋಡುವ ಮತ್ತಿ. ಬೀಟೆಯಷ್ಟು ಏಕವಾದ ಗಾಢ ಬಣ್ಣ ಅದಕ್ಕಿಲ್ಲ, ಅಲ್ಲಲ್ಲಿ ಬಿಳಿಚಿಕೊಂಡಂತೆ ಕಾಣುತ್ತದೆ. ಅದನ್ನೇ ದೋಷವೆಂದು ದೂರುವವರಿದ್ದಾರೆ. ನನಗೆ ಅದು ದೋಷವಾಗಿ ಕಂಡಿಲ್ಲ.

ಕಣ್ಣಿನ ಊನ ಯಾವುದು, ಕಿವಿಯ ಊನ ಯಾವುದು ಎಂಬುದು ಕಲಸುಮೇಲೋಗರವಾಗುವ ಜಾಗವೂ ಒಂದಿದೆ. ನೆಕ್ ಕೂರುವ ಗುಂಡಿ ತುಸು ಸಡಿಲವಿದ್ದರೆ ಪಕ್ಕದಲ್ಲಿ ಸಂದು ಕಾಣುತ್ತದೆ. ಬರೀ ಸಂದಾದರೆ ಚಿಂತೆಯಿಲ್ಲ. ಆದರೆ ನೆಕ್ಕು ಓರೆಯಾಗಿ, ಜಿ ತಂತಿ ಬೆರಳುಪಟ್ಟಿಯ ಅಂಚಿಗೆ ಸರಿದು ನುಡಿಸುವಾಗ ಹೊರಗೆ ಜಾರುವಂತಿದ್ದರೆ ಅದು ನಿಜವಾದ ದೋಷ. 1965ರಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್‌ಗೆ ಮಾರಿದ ಮೇಲಿನ ದೊಡ್ಡ ದೂರು ಇದೇ. ಎಪ್ಪತ್ತರ ದಶಕದ ನಡುವಿನಲ್ಲಿ ಫೆಂಡರ್‌ನ ಜಾಜ್ ಬೇಸ್ ಮಾದರಿಯ ನೆಕ್ಕಿಗೆ ನಾಲ್ಕರ ಬದಲು ಮೂರು ಬೋಲ್ಟು ಬಂತು. ಬೋಲ್ಟಿನ ಸಂಖ್ಯೆಗಿಂತ ಸಡಿಲ ಗುಂಡಿಯದ್ದೇ ತಪ್ಪು ಹೆಚ್ಚು, ಆದರೂ ಬೈಗುಳ ತಿಂದದ್ದು ಬೋಲ್ಟು. 1985ರಲ್ಲಿ ಬಿಲ್ ಶುಲ್ಟ್ಸ್ ಮುಂದಾಳುತನದಲ್ಲಿ ಒಳಗಿನವರೇ ಕಂಪನಿಯನ್ನು ಕೊಂಡುಕೊಂಡರು. ತಮಾಷೆಯೆಂದರೆ, ಹೀಗೆ ಹೆಸರು ಕೆಡಿಸಿಕೊಂಡ ಕಾಲದ 1977ರ ಜಾಜ್ ಬೇಸ್ ಹಿಡಿದೇ ಮಾರ್ಕಸ್ ಮಿಲ್ಲರ್ ಜಗತ್ಪ್ರಸಿದ್ಧರಾದರು. ಅದಕ್ಕೆ ಒಳ್ಳೆಯ ಕೈಯಿಂದ ಮಾರ್ಪಾಡು ಆಗಿತ್ತು ಅನ್ನುವುದೂ ನಿಜ.

ಕಣ್ಣಿನ ಯಾವ ತಪಾಸಣೆಗೂ ಸಿಗದ ಊನವೆಂದರೆ ‘ಡೆಡ್ ಸ್ಪಾಟ್’. 34 ಇಂಚು ಅಳತೆಯ, ಬೋಲ್ಟು ಹಾಕಿದ ಮರದ ನೆಕ್ಕಿನ ಹಲವು ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ಆಸುಪಾಸು ಒಂದು ಸ್ವರ ಮೀಟಿದ ಕೂಡಲೇ ಸೊರಗಿಬಿಡುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಹೆಲ್ಮುಟ್ ಫ್ಲೈಷರ್ ತೊಂಬತ್ತರ ದಶಕದಲ್ಲಿ ಇದನ್ನು ಅಳೆದು ಕಾರಣ ತೋರಿಸಿದರು: ಆ ಸ್ವರದ ಕಂಪನಕ್ಕೆ ನೆಕ್ಕೂ ಜೊತೆಗೂಡಿ ಅಲುಗುತ್ತದೆ, ತಂತಿಯ ಶಕ್ತಿಯನ್ನು ತಾನೇ ಕುಡಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಗಿಟಾರಿಗೂ ಇದು ತಪ್ಪಿದ್ದಲ್ಲ. ಬಣ್ಣದ ಚುಕ್ಕೆಗೆ ಗಿಟಾರ್ ಹಿಂದಿರುಗಿಸುವವರಲ್ಲಿ ಈ ಸ್ವರವನ್ನು ಎಣಿಸಿ ಕೇಳಿದವರು ಎಷ್ಟು ಮಂದಿಯೋ!

ಅಂಗಡಿಯಲ್ಲಿ ನಾನಾದರೆ ಮೊದಲು ಬೇಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬ್ರಿಡ್ಜ್ ಕಡೆಯಿಂದ ನೆಕ್ಕಿನ ಉದ್ದಕ್ಕೂ ನೋಟ ಹಾಯಿಸುತ್ತೇನೆ. ನಾಲ್ಕು ತಂತಿಗಳು ಸೇರಿ ಸುಮಾರು 75 ಕೆಜಿ ಎಳೆಯುತ್ತಿರುತ್ತವೆ, ಆದ್ದರಿಂದ ತುಸು ಬಾಗು ಇರಲೇಬೇಕು. ಒಳಗಿನ ಟ್ರಸ್ ರಾಡ್ ತಿರುಗಿಸಿ ಅದನ್ನು ಹದಕ್ಕೆ ತರಬಹುದು. ತಿರುಚಿಕೊಂಡಿದ್ದರೆ ಮಾತ್ರ ಹಿಂದೆ ಮುಂದೆ ನೋಡದೆ ಬೇರೆ ಪೀಸ್ ಕೇಳಬೇಕು. ಆಮೇಲೆ ಒಂದೊಂದೇ ಫ್ರೆಟ್ಟಿನಲ್ಲಿ ಒಂದೊಂದೇ ಸ್ವರ. ಟಾರ್ಚು ಕೊನೆಗೆ.

1995ರಿಂದ ಫೆಂಡರ್‌ನ ಕಸ್ಟಮ್ ಶಾಪ್ ಹೊಸ ಗಿಟಾರಿಗೆ ಬೇಕೆಂದೇ ಗೀರು ಹಾಕಿ, ಬಣ್ಣ ಕೆರೆದು ‘ರೆಲಿಕ್’ ಎಂದು ಮಾರುತ್ತಿದೆ, ಅದೂ ದುಬಾರಿ ಬೆಲೆಗೆ. ಕೊಂಡವರಾರೂ ಗೀರಿದೆ ಎಂದು ದೂರಿಲ್ಲ. ಗಿಬ್ಸನ್ ಹಿಂದೆ ಇನ್ನೊಂದು ದಾರಿ ಹಿಡಿದಿತ್ತು. ಬಣ್ಣದಲ್ಲೋ ಮರದಲ್ಲೋ ಕೊಂಚ ಊನವಿದ್ದರೆ ಹೆಡ್‌ಸ್ಟಾಕಿನ ಹಿಂದೆ ‘2’ ಎಂದು ಮುದ್ರೆ ಒತ್ತಿ ಕಡಿಮೆ ಬೆಲೆಗೆ ಕೊಡುತ್ತಿತ್ತು. ಯುರೋಪಿನ ದೊಡ್ಡ ಮಾರಾಟಗಾರರು ಈಗಲೂ ಅಂಥವನ್ನು ‘ಬಿ-ಸ್ಟಾಕ್’ ಎಂದು ಬೇರೆಯಾಗಿ ಇಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಗೋಡೆಗೆ ನೇತುಹಾಕಿ, ಹತ್ತಾರು ಜನ ಬೆಲ್ಟಿನ ಬಕಲ್ ತಾಗಿಸಿ ನುಡಿಸಿದ ಪೀಸನ್ನೂ ಪೂರ್ತಿ ಬೆಲೆಗೇ ಕೊಡುವುದುಂಟು. ಗೀರು ತೋರಿಸಿದರೆ ಬರುವ ಉತ್ತರ, “ಸೌಂಡ್‌ಗೆ ಏನೂ ಆಗಲ್ಲ ಸಾರ್.” ಮಾತು ನಿಜ. ಹೊಸದು ಎಂದು ಬಿಲ್ ಬರೆಯುವುದು ಮಾತ್ರ ಸುಳ್ಳು. ನೆಕ್ಕು ಸರಿಯಿದ್ದರೆ ಅಂಥ ಪೀಸನ್ನು ಬಿಡಬೇಡಿ. ಎರಡು ಮೂರು ಸಾವಿರ ಇಳಿಸುವವರೆಗೆ ಅಂಗಡಿಯಿಂದ ಕದಲಲೂ ಬೇಡಿ.