ಎರಡನೆಯ ಎಕೋದಲ್ಲಿ ಪಂಪಿಂಗ್ ಇಳಿದಿದ್ದರೆ

ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದವರಿಗೆ ಒಂದೆರಡು ತಿಂಗಳ ಬಳಿಕ ಮತ್ತೊಮ್ಮೆ ಎಕೋ ಮಾಡುತ್ತಾರೆ. ಆಸ್ಪತ್ರೆ ಬಿಡುವಾಗ 45 ಇದ್ದ ಇಎಫ್ ಈಗ 35 ಎಂದು ವರದಿಯಲ್ಲಿ ಅಚ್ಚಾಗಿರುತ್ತದೆ. “ಪಂಪಿಂಗ್ ಸ್ವಲ್ಪ ಕಮ್ಮಿಯಾಗಿದೆ, ಮಾತ್ರೆ ಬದಲಿಸಿದ್ದೇನೆ, ಹದಿನೈದು ದಿನ ಬಿಟ್ಟು ಬನ್ನಿ” ಎಂದು ಡಾಕ್ಟರು ಹೇಳಿದ್ದು ಮನೆ ತಲಪುವಷ್ಟರಲ್ಲಿ “ಹಾರ್ಟು ಬರೀ ಮೂವತ್ತೈದು ಪರ್ಸೆಂಟ್ ಕೆಲಸ ಮಾಡ್ತಿದೆಯಂತೆ” ಎಂದಾಗಿರುತ್ತದೆ. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಫೋನು ಹೋಗುತ್ತದೆ. ಮಾತ್ರೆ ಬದಲಾದ ಸುದ್ದಿ ಮಾತ್ರ ಆ ಫೋನುಗಳಲ್ಲಿ ಇರುವುದಿಲ್ಲ. ಇಡೀ ಮಾತಿನಲ್ಲಿ ಮುಖ್ಯವಾದದ್ದು ಅದೇ.

ಇಎಫ್ ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್. ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕ. ಆರೋಗ್ಯವಂತರಲ್ಲಿ ಸುಮಾರು 120 ಮಿ.ಲೀ. ತುಂಬಿ 70 ಮಿ.ಲೀ. ಹೊರಬೀಳುತ್ತದೆ ಎಂದುಕೊಂಡರೆ ಇಎಫ್ 58. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸಾಮಾನ್ಯ ಮಟ್ಟವೇ 55ರಿಂದ 70. ನಾವು ಇದನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಓದಿ, ನೂರರಲ್ಲಿ ಮೂವತ್ತೈದು ಬಂತು, ಇನ್ನು 65 ಹೋಯಿತು ಎಂದು ಕಂಗೆಡುತ್ತೇವೆ. ಲೆಕ್ಕವನ್ನು ಸ್ವಲ್ಪ ಮುಂದುವರಿಸಿ ನೋಡಿ. ಆಘಾತದ ನಂತರ ಹೃತ್ಕುಕ್ಷಿ ಹಿಗ್ಗಿ 200 ಮಿ.ಲೀ. ಹಿಡಿಸುವಂತಾಯಿತು, ಆಗಲೂ 70 ಮಿ.ಲೀ. ಹೊರದೂಡುತ್ತಿದೆ ಎಂದಿಟ್ಟುಕೊಳ್ಳಿ. ಇಎಫ್ 35ಕ್ಕೆ ಇಳಿಯಿತು, ಆದರೆ ಒಂದು ಬಡಿತಕ್ಕೆ ಮೈಗೆ ಸಿಗುವ ರಕ್ತ ಮೊದಲಿನಷ್ಟೇ ಇದೆ. 35 ಇದ್ದೂ ಆರಾಮವಾಗಿ ಮೆಟ್ಟಿಲು ಹತ್ತುವವರು, 50 ಇದ್ದೂ ಏದುಸಿರು ಬಿಡುವವರು ಇರುವುದು ಈ ಕಾರಣಕ್ಕೆ. ಹಾಗೆಂದು ಹಿಗ್ಗಿದ ಹೃದಯವನ್ನು ಅಲಕ್ಷಿಸುವಂತಿಲ್ಲ. ಹಿಗ್ಗಿದಷ್ಟೂ ಅದರ ಗೋಡೆಯ ಮೇಲೆ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಇನ್ನಷ್ಟು ಹಿಗ್ಗು.

ಅಂಕಿ ನಿಜವಾಗಿಯೂ ಇಳಿದಿದೆಯೇ ಎಂಬುದು ಮೊದಲ ಪ್ರಶ್ನೆ. ಎಕೋ ತಂತ್ರ ಹುಟ್ಟಿದ್ದು 1953ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ. ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಕಡ ತಂದು ಎದೆಯ ಮೇಲಿಟ್ಟು ನೋಡಿದ್ದು ಅದರ ಆರಂಭ. ಯಂತ್ರ ಈಗ ಎಷ್ಟೋ ಸುಧಾರಿಸಿದೆ. ಆದರೂ ಹೃದಯದ ಒಳಗೋಡೆಯ ಅಂಚನ್ನು ಗುರುತಿಸುವಲ್ಲಿ ನೋಡುವವರ ಕಣ್ಣು, ಕೈ ಇನ್ನೂ ದೊಡ್ಡ ಪಾತ್ರ ವಹಿಸುತ್ತವೆ. ಒಬ್ಬರೇ ರೋಗಿಯನ್ನು ಒಂದೇ ದಿನ ಇಬ್ಬರು ನೋಡಿದರೆ ಐದು ಅಂಶದ ವ್ಯತ್ಯಾಸ ಸಾಮಾನ್ಯ, ಕೆಲವೊಮ್ಮೆ ಹತ್ತರ ತನಕವೂ ಹೋದೀತು. ಆ ಹೊತ್ತಿನ ರಕ್ತದೊತ್ತಡ, ನಾಡಿಯ ವೇಗವೂ ಅಂಕಿಯನ್ನು ಅಲುಗಾಡಿಸುತ್ತವೆ. 45 ಇದ್ದದ್ದು 42 ಆಯಿತೆಂದು ನಿದ್ದೆಗೆಡುವುದು ವ್ಯರ್ಥ. 35 ಆಗಿದೆ, ಜೊತೆಗೆ ಹೃತ್ಕುಕ್ಷಿಯ ಗಾತ್ರವೂ ಹೆಚ್ಚಾಗಿದೆ ಎಂದಿದ್ದರೆ ಅದು ಗಂಭೀರವಾಗಿ ಪರಿಗಣಿಸಬೇಕಾದ ಬದಲಾವಣೆ. ವರದಿಯಲ್ಲಿ ಇಎಫ್ ಒಂದನ್ನೇ ಹುಡುಕುವ ನಮ್ಮ ಕಣ್ಣು ಗಾತ್ರದ ಸಾಲನ್ನು ಬಿಟ್ಟುಬಿಡುತ್ತದೆ.

ಇಳಿದದ್ದು ನಿಜವಾದರೆ, ಯಾಕೆ? ಸಾಮಾನ್ಯವಾಗಿ ಆಗಬೇಕಾದದ್ದು ಇದರ ತಿರುವುಮುರುವು. ರಕ್ತ ಸಿಗದೆ ಬಳಲಿದ ಸ್ನಾಯುವೆಲ್ಲ ಸತ್ತಿರುವುದಿಲ್ಲ; ಒಂದಿಷ್ಟು ಬೆಚ್ಚಿ ಸ್ತಬ್ಧವಾಗಿರುತ್ತದೆ. 1982ರಲ್ಲಿ ಅಮೆರಿಕದ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಈ ಸ್ಥಿತಿಯನ್ನು ವಿವರಿಸಿದರು. ರಕ್ತದ ಹರಿವು ಮರಳಿದ ಮೇಲೆ ದಿನಗಳಲ್ಲೋ ವಾರಗಳಲ್ಲೋ ಈ ಭಾಗ ಮತ್ತೆ ಮಿಡಿಯತೊಡಗುತ್ತದೆ, ಇಎಫ್ ಏರುತ್ತದೆ. ಏರಬೇಕಾದ ಕಾಲದಲ್ಲಿ ಇಳಿದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರಬೇಕು.

ಹೆಚ್ಚು ಮಂದಿಯಲ್ಲಿ ಆ ಕಾರಣ ಹೃದಯದ ಆಕಾರ ಬದಲಾಗುವುದು. ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಕಟ್ಟಿ ಗೋಡೆ ತೆಳುವಾಗುತ್ತದೆ. ರಕ್ತದೊತ್ತಡ ಬೀಳದಿರಲೆಂದು ದೇಹ ಆಂಜಿಯೋಟೆನ್ಸಿನ್, ಅಡ್ರಿನಾಲಿನ್ ಮುಂತಾದವನ್ನು ಸುರಿಸುತ್ತದೆ. ಆ ಕ್ಷಣಕ್ಕೆ ಜೀವ ಉಳಿಸುವ ಇವೇ ತಿಂಗಳುಗಟ್ಟಲೆ ಸುರಿದರೆ ಆರೋಗ್ಯವಾಗಿದ್ದ ಭಾಗವೂ ಹಿಗ್ಗಿ ಬಸವಳಿಯುತ್ತದೆ. ಇದಕ್ಕೆ ಮೊದಲ ಮದ್ದಿನ ಸುಳಿವು ಸಿಕ್ಕಿದ್ದು ಹಾವಿನ ವಿಷದಲ್ಲಿ! ಬ್ರೆಜಿಲ್‌ನ ಜರರಾಕ ಎಂಬ ಮಂಡಲ ಜಾತಿಯ ಹಾವಿನ ವಿಷವನ್ನು ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಅಧ್ಯಯನ ಮಾಡಿದರು. ಆ ಸುಳಿವು ಹಿಡಿದು ಮುಂದಿನ ದಶಕದಲ್ಲಿ ಕ್ಯಾಪ್ಟೊಪ್ರಿಲ್ ತಯಾರಾಯಿತು. 1992ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನದಲ್ಲಿ ಹೃದಯಾಘಾತವಾಗಿ ಇಎಫ್ 40 ಅಥವಾ ಅದಕ್ಕೂ ಕಡಿಮೆ ಇದ್ದ 2231 ಜನರಿದ್ದರು. ಅವರಲ್ಲಿ ಈ ಮಾತ್ರೆ ಪಡೆದವರ ಸಾವು ಶೇ. 19ರಷ್ಟು ಕಡಿಮೆಯಾಗಿತ್ತು. ರಾಮಿಪ್ರಿಲ್, ಎನಾಲಪ್ರಿಲ್ ಇದೇ ಬಳಗದವು.

ಬೇರೆ ಕಾರಣಗಳೂ ಉಂಟು. ಸ್ಟೆಂಟ್ ಒಳಗೆ ಮತ್ತೆ ಕಟ್ಟಿಕೊಂಡಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಎದೆನೋವಿಲ್ಲದೆಯೇ ಆದೀತು. ಹೃದಯ ಲಯ ತಪ್ಪಿ ಓಡುತ್ತಿರಬಹುದು, ಕವಾಟ ಸೋರುತ್ತಿರಬಹುದು, ಕುಡಿತ ಮತ್ತೆ ಶುರುವಾಗಿರಬಹುದು. ಇಸಿಜಿ, ರಕ್ತಪರೀಕ್ಷೆ, ಬೇಕಾದರೆ ಇನ್ನೊಮ್ಮೆ ಆಂಜಿಯೋಗ್ರಾಂ ಮಾಡಿ ವೈದ್ಯರು ಇವನ್ನು ಹುಡುಕುತ್ತಾರೆ. ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು.

ಯಾವ ಯಂತ್ರಕ್ಕೂ ಕಾಣದ ಕಾರಣ ಒಂದಿದೆ: ಮಾತ್ರೆ ಬಿಟ್ಟಿರುವುದು. ಇದನ್ನು ಬರೀ ಸೋಮಾರಿತನ ಎನ್ನಲಾಗದು. “ನನಗೆ ಬಿಪಿ ಇಲ್ಲವಲ್ಲ, ಬಿಪಿ ಮಾತ್ರೆ ಯಾಕೆ ಬರೆದಿದ್ದಾರೆ?” ಎಂದು ಒಬ್ಬರು ನಿಲ್ಲಿಸುತ್ತಾರೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಮೆಡಿಕಲ್ ಸ್ಟೋರ್‌ನಲ್ಲಿ ಯಾರೋ ಹೇಳಿದರೆಂದು ಇನ್ನೊಬ್ಬರು ಎತ್ತಿಡುತ್ತಾರೆ. ಅದೇ ಮಾತ್ರೆ ಸಕ್ಕರೆ ಕಾಯಿಲೆ ಇಲ್ಲದ ದುರ್ಬಲ ಹೃದಯಕ್ಕೂ ಉಪಕಾರಿ ಎಂಬುದು 2019ರಲ್ಲೇ ದೊಡ್ಡ ಅಧ್ಯಯನದಿಂದ ತಿಳಿದಿದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಭಾರತದಲ್ಲಿ ಅದರ ಬೆಲೆಯೂ ಇಳಿದಿದೆ. ಕಾರ್ವೆಡಿಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ರಾಮಿಪ್ರಿಲ್ ಬಳಗ ಇಲ್ಲವೇ ಅದರ ಜಾಗಕ್ಕೆ ಬಂದಿರುವ ಸ್ಯಾಕುಬಿಟ್ರಿಲ್-ವಲ್ಸಾರ್ಟಾನ್, ಜೊತೆಗೆ ಡಾಪಾಗ್ಲಿಫ್ಲೋಜಿನ್ ತರದ್ದೊಂದು: ಇಎಫ್ 40ರ ಕೆಳಗಿದ್ದು ಹೃದಯ ಸೋಲುತ್ತಿರುವವರಿಗೆ ಇಂದಿನ ಚಿಕಿತ್ಸೆ ನಿಂತಿರುವುದು ಈ ನಾಲ್ಕರ ಮೇಲೆ. ಪ್ರತಿಯೊಂದನ್ನೂ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ರಕ್ತದೊತ್ತಡ, ಮೂತ್ರಪಿಂಡ, ಪೊಟ್ಯಾಷಿಯಂ ನೋಡಿಕೊಂಡು ಏರಿಸುತ್ತಾರೆ. ಹದಿನೈದು ದಿನ ಬಿಟ್ಟು ಬನ್ನಿ ಎಂದು ಡಾಕ್ಟರು ಕರೆಯುವುದು ಅದಕ್ಕೇ. ಮೊದಲ ಪ್ರಮಾಣದಲ್ಲೇ ವರ್ಷಗಟ್ಟಲೆ ಉಳಿದುಬಿಡುವವರು ನಮ್ಮಲ್ಲಿ ಬಹಳ. ತಲೆ ತಿರುಗಿದರೆ ವೈದ್ಯರಿಗೆ ಹೇಳಿ, ಪ್ರಮಾಣ ಹೊಂದಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ.

35 ಅಥವಾ ಅದಕ್ಕಿಂತ ಕಡಿಮೆ ಎಂದಾಗ ಐಸಿಡಿ ಎಂಬ ಸಾಧನದ ಮಾತು ಬರುತ್ತದೆ. ಲಯ ಕೆಟ್ಟು ಹೃದಯ ನಿಲ್ಲುವಂತಾದರೆ ಇದು ಒಳಗಿಂದಲೇ ಶಾಕ್ ಕೊಟ್ಟು ಎಬ್ಬಿಸುತ್ತದೆ. ಆಘಾತವಾಗಿ 40 ದಿನವಾದರೂ ಕಳೆಯದೆ, ಸ್ಟೆಂಟ್ ಹಾಕಿದ್ದರೆ ಮೂರು ತಿಂಗಳು ಆಗದೆ, ಸಾಮಾನ್ಯವಾಗಿ ಅದನ್ನು ಅಳವಡಿಸುವುದಿಲ್ಲ. ತೀರಾ ಬೇಗ ಹಾಕಿದರೆ ಒಟ್ಟು ಸಾವು ಕಡಿಮೆಯಾಗಲಿಲ್ಲ ಎಂಬುದನ್ನು 2004ರ ಒಂದು ಅಧ್ಯಯನ ತೋರಿಸಿತು. ಕಾಯಿಸುವುದು ಉದಾಸೀನದಿಂದಲ್ಲ.

ಇನ್ನು ಮನೆಯ ಮಾತು. ಪಂಪಿಂಗ್ ಕಡಿಮೆ ಎಂದು ಕೇಳಿದೊಡನೆ ಮನೆಯವರು ಪ್ರೀತಿಯಿಂದಲೇ ರೋಗಿಯನ್ನು ಹಾಸಿಗೆಗೆ ಸೇರಿಸುತ್ತಾರೆ. “ನೀವು ಏಳ್ಬೇಡಿ, ನೀರು ನಾನೇ ತಂದುಕೊಡ್ತೀನಿ.” ಕೆಲವೇ ವಾರಗಳಲ್ಲಿ ಕಾಲಿನ ಸ್ನಾಯು ಸೊರಗಿ, ನಾಲ್ಕು ಹೆಜ್ಜೆಗೇ ಆಯಾಸವಾಗಿ, ಅದನ್ನು ಮತ್ತೆ ಹೃದಯದ ಲೆಕ್ಕಕ್ಕೇ ಬರೆಯುತ್ತಾರೆ. ಸ್ಥಿರವಾಗಿರುವ ರೋಗಿ, ಇಎಫ್ 35ರ ಕೆಳಗಿದ್ದರೂ, ವೈದ್ಯರ ಸಲಹೆಯಂತೆ ನಡೆಯುವುದು ಸುರಕ್ಷಿತ ಎಂಬುದಕ್ಕೆ ಆಧಾರವಿದೆ. ನಡೆಯುತ್ತ ಮಾತಾಡಲು ಆಗುವಷ್ಟು ವೇಗ ಸಾಕು.

ರೋಗಿಯ ಮೌನವನ್ನೂ ಗಮನಿಸಬೇಕು. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಖಿನ್ನರಾದವರಲ್ಲಿ ಸಾವಿನ ಅಪಾಯವೂ ಹೆಚ್ಚು ಎಂದು ಮಾಂಟ್ರಿಯಲ್‌ನ ಸಂಶೋಧಕರು 1993ರಲ್ಲೇ ತೋರಿಸಿದರು. ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ ಅದನ್ನು ಧೈರ್ಯದ ಕೊರತೆ ಎಂದು ಗದರಬೇಡಿ, ವೈದ್ಯರಿಗೆ ತಿಳಿಸಿ. ಹೃದ್ರೋಗಿಗಳೂ ತೆಗೆದುಕೊಳ್ಳಬಹುದಾದ ಖಿನ್ನತೆಯ ಮದ್ದುಗಳಿವೆ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ಡಾಕ್ಟರಿಗೆ ಫೋನು ಮಾಡಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ದಿನಾ ಬೇಡ. ಮಂಡಿನೋವಿಗೆಂದು ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ತಾವೇ ಕೊಂಡು ನುಂಗುವುದು ಉಪ್ಪಿಗಿಂತ ಕೆಟ್ಟದ್ದು. ಮಲಗಿದರೆ ಉಸಿರು ಕಟ್ಟುವುದು, ಎಚ್ಚರ ತಪ್ಪುವುದು, ಎದೆನೋವು ಕಂಡರೆ ಮಾತ್ರ ಕಾಯದೆ 108ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ವಿನಂತಿ. ಸಮಾಧಾನಕ್ಕೆಂದು ವಾರಕ್ಕೊಂದು ಕಡೆ ಎಕೋ ಮಾಡಿಸಬೇಡಿ. ಹೊಸ ತೊಂದರೆ ಏನೂ ಇಲ್ಲದಿದ್ದರೆ, ಮಾತ್ರೆಗಳು ಸರಿಯಾದ ಪ್ರಮಾಣಕ್ಕೆ ಬಂದು ಸುಮಾರು ಮೂರು ತಿಂಗಳಾದ ಮೇಲೆ, ಸಾಧ್ಯವಾದರೆ ಅದೇ ಆಸ್ಪತ್ರೆಯಲ್ಲಿ, ಹಳೆಯ ವರದಿಗಳನ್ನೆಲ್ಲ ಮುಂದಿಟ್ಟುಕೊಂಡು ಮಾಡಿಸಿ. ಆಗ ಅಂಕಿ ಏರಿದ್ದರೂ ಮಾತ್ರೆ ನಿಲ್ಲಿಸಬೇಡಿ.