ಕೌದಿಯೂ ಅದನ್ನು ಹೊಲಿದ ಕೈಯೂ

ಓಲೆಯಲ್ಲಿಯೂ ಕಾಗದದಲ್ಲಿಯೂ ಬರೆದಿಟ್ಟಿರುವುದೇ ಸಾಹಿತ್ಯವೆಂದು, ದೇವಾಲಯದ ಗೋಡೆಗಳ ಮೇಲೆ ಕೆತ್ತಿರುವುದೇ ಶಿಲ್ಪವೆಂದು ತಿಳಿಯುವುದು ವಿದ್ಯಾವಂತರೆನಿಸಿಕೊಂಡ ನಮ್ಮೆಲ್ಲರಲ್ಲಿ ಬೇರೂರಿರುವ ಅಭ್ಯಾಸವಾಗಿರುತ್ತದೆ. ಮನೆಯ ಅಟ್ಟದ ಮೇಲೆ ಮಡಿಸಿಟ್ಟಿರುವ ಹಳೆಯ ಕೌದಿಯೊಂದನ್ನು ಯಾರೂ ಕಲೆಯೆಂದು ಕರೆಯುವುದಿಲ್ಲ. ಆದರೆ ಅಕ್ಷರ ಬಾರದ ಹೆಂಗಸೊಬ್ಬಳು ತನ್ನ ಮನಸ್ಸಿಗೆ ತೋರಿದುದನ್ನು ಯಾರ ಅಪ್ಪಣೆಯನ್ನೂ ಕಾಯದೆ ಹೇಳಬಹುದಾಗಿದ್ದ ಸ್ಥಳಗಳು ನಮ್ಮ ಸಂಸಾರಗಳಲ್ಲಿ ಎಷ್ಟಿದ್ದವು? ಅಂಗಳದ ರಂಗವಲ್ಲಿ ಒಂದು, ಬೀಸುವ ಕಲ್ಲಿನ ಹಾಡು ಒಂದು, ಕೌದಿ ಮತ್ತೊಂದು. ರಂಗವಲ್ಲಿಯು ಸಂಜೆಗೆ ಅಳಿಸಿಹೋಗುವುದು, ಹಾಡು ಗಾಳಿಯಲ್ಲಿ ಕರಗುವುದು. ಕೌದಿಯೊಂದೇ ಮೊಮ್ಮಕ್ಕಳ ಕಾಲದವರೆಗೆ ಬಾಳುವುದು.

ಕೌದಿಯ ಸಾಮಗ್ರಿಯೇನೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಅಜ್ಜಿಯ ಸೀರೆ, ಅಪ್ಪನ ಪಂಚೆ, ಮಗುವಿನ ಅಂಗಿ ಇವುಗಳೇ ಅದರ ಬಂಡವಾಳ. ಹೊಸ ಬಟ್ಟೆಯನ್ನು ಕೊಂಡು ಕೌದಿ ಹೊಲಿಯುವ ಪದ್ಧತಿ ಹಿಂದೆ ಇರಲಿಲ್ಲ. ಸವೆದು ಮೃದುವಾದ ಹತ್ತಿಯ ಬಟ್ಟೆಯೇ ಸೂಜಿಗೆ ಒಗ್ಗುವುದು, ಬೆವರನ್ನು ಹೀರುವುದು, ಪದರ ಪದರವಾಗಿ ಕೂಡಿ ಬೆಚ್ಚಗಿಡುವುದು. ಯಾವ ಚೂರಿನ ಪಕ್ಕದಲ್ಲಿ ಯಾವ ಚೂರು ಬರಬೇಕೆಂಬುದನ್ನು ಮಾತ್ರ ಯಾವ ಶಾಸ್ತ್ರವೂ ಹೇಳಿಕೊಡುವುದಿಲ್ಲ. ಅದು ಹೊಲಿಯುವವಳ ಇಚ್ಛೆ. ಆ ಇಚ್ಛೆಯೇ ಅವಳ ಹಸ್ತಾಕ್ಷರ.

ಈ ಕಲೆಯು ಅತ್ಯಂತ ಸಮೃದ್ಧವಾಗಿ ಉಳಿದಿರುವುದು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರಾಂತ್ಯದ ಸಿದ್ದಿ ಜನರಲ್ಲಿ. ಇವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅವರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಲ್ಲಿ ದಾಸ್ಯವನ್ನನುಭವಿಸಿ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು. 2003ರಲ್ಲಿ ಇವರ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿತು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಮತ ಮೂರಾದರೂ ಕೌದಿಯ ವಿಧಾನ ಒಂದೇ. ಮೂಲೆಯೊಂದರಿಂದ ಹೊಲಿಗೆಯನ್ನಾರಂಭಿಸಿ, ಅಂಚಿನ ಸುತ್ತಲೂ ಸಾಗಿ, ಸುತ್ತು ಸುತ್ತಾಗಿ ನಡುವನ್ನು ಸೇರುವರು. ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ಮಡಿಸಿ 'ಫೂಲ'ವನ್ನು ಇಡುವರು. ಅದಿಲ್ಲದ ಕೌದಿಯು ಬತ್ತಲೆಯಾದುದೆಂದು ಅವರ ಭಾವನೆ.

ವಿಧಾನ ಒಂದಾದ ಮಾತ್ರಕ್ಕೆ ಕೌದಿಗಳು ಒಂದೇ ರೀತಿಯವಾಗಿರುತ್ತವೆಯೆಂದು ಯಾರೂ ಎಣಿಸಬಾರದು. ಒಬ್ಬಳ ಕೌದಿಯಲ್ಲಿ ಶಿಲುಬೆ ಮೂಡಿದರೆ ಇನ್ನೊಬ್ಬಳದರಲ್ಲಿ ಅರ್ಧಚಂದ್ರ ಮೂಡುವುದು. ಒಬ್ಬಳು ಚೌಕಗಳನ್ನು ಸಾಲಾಗಿ ಜೋಡಿಸಿದರೆ ಮತ್ತೊಬ್ಬಳು ಉದ್ದನೆಯ ಪಟ್ಟಿಗಳನ್ನು ಅಡ್ಡಾದಿಡ್ಡಿಯಾಗಿ ಓಡಿಸುವಳು. ಒಂದೇ ಕೇರಿಯ ನೆರೆಹೊರೆಯವರಲ್ಲಿಯೂ ಒಬ್ಬರ ಕೌದಿ ಇನ್ನೊಬ್ಬರ ಕೌದಿಯನ್ನು ಹೋಲುವುದಿಲ್ಲ.

ಅಮೆರಿಕದ ಕಲಾ ಇತಿಹಾಸಜ್ಞರಾದ ಹೆನ್ರಿ ಡ್ರೂವಾಲ್ ಎಂಬವರು ಈ ಕೌದಿಗಳನ್ನು ಅಭ್ಯಸಿಸಿ ಹೊರಪ್ರಪಂಚಕ್ಕೆ ಪರಿಚಯ ಮಾಡಿಕೊಟ್ಟರು. 2004ರಲ್ಲಿ ಸಿದ್ದಿ ಹೆಂಗಸರದೊಂದು ಸಹಕಾರ ಸಂಘವೂ ಏರ್ಪಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನವೇ ನಡೆಯಿತು. ನಮ್ಮ ಪಟ್ಟಣಗಳ ಗೃಹಸ್ಥರು ಹರಕು ಬಟ್ಟೆಯೆಂದು ಮೂಗು ಮುರಿದುದನ್ನು ಪರದೇಶದವರು ಗೋಡೆಗೆ ತೂಗಿ ನೋಡಿದರು. ಇದರಲ್ಲಿ ನಾವು ನಾಚಬೇಕಾದುದೂ ಉಂಟು, ಕಲಿಯಬೇಕಾದುದೂ ಉಂಟು.

ಸೊಂಡೂರಿನ ಲಂಬಾಣಿ ಕಸೂತಿಯ ಸಂಗತಿಯೂ ಹೀಗೆಯೇ. ಕನ್ನಡಿಯ ಬಿಲ್ಲೆ, ಕವಡೆ, ಬಣ್ಣದ ದಾರಗಳ ಆ ಕೆಲಸಕ್ಕೆ ಭೌಗೋಳಿಕ ಸೂಚನೆಯ ರಕ್ಷಣೆ ದೊರೆತಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಸೇರಿದ್ದಾಗ 450ಕ್ಕೆ ಮಿಕ್ಕಿದ ಲಂಬಾಣಿ ಹೆಂಗಸರ 1,755 ಕೃತಿಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನು ಪಡೆದರು. ಇದು ಸಂತೋಷದ ವಿಷಯವೇ ಸರಿ. ಆದರೆ ಇಲ್ಲಿ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯೇಳುತ್ತದೆ. ಸಂಖ್ಯೆ ಎಲ್ಲರ ಬಾಯಲ್ಲಿಯೂ ಇದೆ; ಹೊಲಿದವರ ಹೆಸರು ಎಷ್ಟು ಮಂದಿಗೆ ಗೊತ್ತು?

ಜನಾಂಗದ ವೈವಿಧ್ಯವನ್ನು ಕೊಂಡಾಡುವುದು ಬೇರೆ, ವ್ಯಕ್ತಿಯ ದನಿಯನ್ನು ಕೇಳುವುದು ಬೇರೆ. ಮೊದಲನೆಯದು ಸುಲಭ, ಮೆರವಣಿಗೆಯಲ್ಲಿ ಒಂದು ಸ್ತಬ್ಧಚಿತ್ರವಿಟ್ಟರೆ ತೀರಿತು. ಎರಡನೆಯದು ಕಷ್ಟ. 'ಸಿದ್ದಿ ಕೌದಿ', 'ಲಂಬಾಣಿ ಕಸೂತಿ' ಎಂಬ ಚೀಟಿಯನ್ನು ಅಂಟಿಸಿ ಮಾರುವಲ್ಲಿ ಕುಲದ ಹೆಸರು ಬೆಳಗುವುದು, ಹೊಲಿದವಳ ಹೆಸರು ಅದರ ಹಿಂದೆ ಮರೆಯಾಗುವುದು. ಚಿತ್ರಗಾರನು ತನ್ನ ಚಿತ್ರದ ಮೂಲೆಯಲ್ಲಿ ಸಹಿ ಹಾಕಿದರೆ ಯಾರೂ ಆಕ್ಷೇಪಿಸುವುದಿಲ್ಲ. ವಾರಗಟ್ಟಲೆ ಕಣ್ಣು ಸೋತು ಹೊಲಿದ ಹೆಂಗಸಿಗೆ ಆ ಮೂಲೆ ಏಕೆ ಇಲ್ಲ?

ಅಮೆರಿಕದ ಅಲಬಾಮಾ ಸಂಸ್ಥಾನದ ಗೀಸ್ ಬೆಂಡ್ ಎಂಬ ಕುಗ್ರಾಮದಲ್ಲಿ, ಗುಲಾಮರಾಗಿದ್ದವರ ವಂಶದ ಹೆಂಗಸರು ಹಳೆಯ ದುಡಿಮೆಯ ಬಟ್ಟೆಗಳಿಂದ ಹೊದಿಕೆಗಳನ್ನು ಹೊಲಿಯುತ್ತಿದ್ದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾಮಂದಿರದಲ್ಲಿ ಅವುಗಳ ಪ್ರದರ್ಶನವಾದಾಗ ಪ್ರತಿಯೊಂದು ಹೊದಿಕೆಯೂ ಹೊಲಿದವಳ ಹೆಸರಿನೊಡನೆಯೇ ಜನರೆದುರಿಗೆ ಬಂತು. 2006ರಲ್ಲಿ ಅವು ಆ ದೇಶದ ಅಂಚೆಚೀಟಿಗಳ ಮೇಲೂ ಮುದ್ರಿತವಾದವು. ಹೆಸರಿಟ್ಟು ಕರೆದುದರಿಂದ ಊರಿನ ಕೀರ್ತಿಯು ಕುಗ್ಗಲಿಲ್ಲ, ಬೆಳೆಯಿತು.

ವ್ಯಾಪಾರದಿಂದ ಬರುವ ಅಪಾಯವೂ ಒಂದುಂಟು. ನಗರದ ಅಂಗಡಿಯಿಂದ ನೂರು ಕೌದಿಗಳಿಗೆ ಬೇಡಿಕೆ ಬಂದಾಗ, ನೂರೂ ಒಂದೇ ಅಳತೆ, ಒಂದೇ ಬಣ್ಣದಲ್ಲಿರಬೇಕೆಂಬ ನಿಬಂಧನೆಯೂ ಅದರೊಡನೆ ಬರುವುದು. ಆಗ ಹೊಲಿಯುವವಳಿಗೆ ಕೂಲಿ ದೊರೆಯಬಹುದು. ಅವಳ ಮಾತು ನಿಂತುಹೋಗುವುದು. ಖಾದಿಯ ನೂಲಿಗೆ ಸಮತೆಯೇ ಗುಣ. ಎಳೆ ಏರುಪೇರಾದರೆ ಮಗ್ಗದಲ್ಲಿ ಕಡಿಯುತ್ತದೆ. ಕೌದಿಯ ಧರ್ಮ ಇದಕ್ಕೆ ವಿರುದ್ಧವಾದುದು. ಏರುಪೇರನ್ನು ತಿದ್ದಿದರೆ ಅಲ್ಲಿ ಉಳಿಯುವುದು ಬರಿಯ ಕಂಬಳಿ.

ಚಾಮರಾಜನಗರ, ಗುಂಡ್ಲುಪೇಟೆಗಳ ನೆರೆಯ ಉಡಿಗಾಲದಂತಹ ಊರುಗಳ ವಾಚಕರು, ಸಿದ್ದಿಗಳ ಕಾಡು ನಮಗೆ ದೂರವೆಂದು ಹೇಳಬಹುದು. ಆದರೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಾಗಿಯ ಚಳಿ ಇಳಿಯುವ ಸೀಮೆಯಲ್ಲಿ, ಹಳೆಯ ಸೀರೆಗಳ ಮಡಿಕೆಯೊಳಗೆ ಮಲಗಿ ಬೆಳೆಯದ ಮಕ್ಕಳು ಎಷ್ಟು ಮಂದಿ? ಈಗ ಸಂತೆಯಲ್ಲಿ ಯಂತ್ರದ ಕಂಬಳಿ ಅಗ್ಗವಾಗಿ ಸಿಕ್ಕುವುದು. ಹತ್ತಿಯ ಸೀರೆಗೆ ಬದಲಾಗಿ ಪಾಲಿಯೆಸ್ಟರ್ ಬಂದು, ಕೌದಿಗೆ ತಕ್ಕ ಹಳೆಯ ಬಟ್ಟೆಯೇ ಅಪರೂಪವಾಗುತ್ತಿದೆ. ಉಳಿದುದನ್ನು ಪಾತ್ರೆ ಮಾರುವವರು ಒಂದು ಸ್ಟೀಲಿನ ತಟ್ಟೆಗೆ ಬದಲಾಗಿ ಕೊಂಡೊಯ್ಯುವರು. ಹೊಲಿಯಬಲ್ಲ ಕೈಗಳಿಗೂ ವಯಸ್ಸಾಗುತ್ತಿದೆ.

ಆದುದರಿಂದ ಅಧಿಕಾರಿ ಮಹಾಶಯರಲ್ಲಿಯೂ ಗೃಹಸ್ಥರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳ ಮೂಲಕ ಕೌದಿಗಳನ್ನು ಮಾರುವುದಾದರೆ, ಪ್ರತಿಯೊಂದರ ಮೂಲೆಯಲ್ಲಿಯೂ ಹೊಲಿದವಳ ಹೆಸರನ್ನೂ ಊರನ್ನೂ ದಾರದಿಂದಲೇ ಬರೆಯಿಸಬೇಕು. ಕೂಲಿಯನ್ನು ಚದರಡಿಯ ಲೆಕ್ಕದಿಂದಲ್ಲದೆ ಶ್ರಮದ ಲೆಕ್ಕದಿಂದ ಕೊಡಬೇಕು. ಮಾದರಿಯನ್ನು ಮೇಲಿನಿಂದ ಹೇರಕೂಡದು. ಶಾಲೆಯ ಉಪಾಧ್ಯಾಯರು ಮಕ್ಕಳಿಂದ ಅವರವರ ಅಜ್ಜಿಯರ ಕೌದಿಗಳ ವೃತ್ತಾಂತವನ್ನು ಬರೆಯಿಸಬೇಕು. ಯಾವ ಚೂರು ಯಾರ ಸೀರೆಯದು, ಯಾರ ಮದುವೆಯದು ಎಂಬುದನ್ನು ಹೇಳಬಲ್ಲವರು ಇಂದು ಇದ್ದಾರೆ. ಇನ್ನು ಹತ್ತು ವರ್ಷಗಳ ಮೇಲೆ ಇರಲಾರರು.

ದೇಶದ ಐಕ್ಯವೆಂದರೆ ಎಲ್ಲವನ್ನೂ ಒಂದೇ ಬಣ್ಣದಲ್ಲಿ ಅದ್ದುವುದೆಂದು ಭಾವಿಸುವವರು ಒಮ್ಮೆ ಕೌದಿಯನ್ನು ತಿರುಗಿಸಿ ನೋಡಬೇಕು. ಚೂರುಗಳಲ್ಲಿ ಒಂದೂ ತನ್ನ ಬಣ್ಣವನ್ನು ಬಿಟ್ಟುಕೊಟ್ಟಿರುವುದಿಲ್ಲ; ದಾರವು ಮಾತ್ರ ಎಲ್ಲವನ್ನೂ ಹಾದುಹೋಗಿರುತ್ತದೆ. ಆ ದಾರವನ್ನು ಹಿಡಿದ ಕೈ ಯಾರದೆಂದು ಕೇಳಿ ತಿಳಿಯುವುದು ನಮ್ಮೆಲ್ಲರ ಕರ್ತವ್ಯವಾಗಿರುತ್ತದೆ.